ಚೀಲದ ಗ್ರಾಂ, ಕರುಳಿನ ಗ್ರಾಂ: ಲೇಪದ ಮೆಥಿಯೋನಿನ್, ಲೈಸಿನ್ ಕೊಳ್ಳುವ ಮುನ್ನ

ಸೊಸೈಟಿಯ ಚೀಟಿಯಲ್ಲಿ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿದ ಘನಾಂಶ) 8.5% ಮುಟ್ಟದಿದ್ದರೆ ಆಕಳ ಹಾಲಿಗೆ ಪೂರ್ತಿ ದರ ಸಿಗುವುದಿಲ್ಲ. ಅಥಣಿ, ಚಿಕ್ಕೋಡಿ, ಜಮಖಂಡಿ, ಮುಧೋಳ ಕಡೆಯ ಪಶು ಆಹಾರದ ಅಂಗಡಿಗಳಲ್ಲಿ ‘ಅಮೈನೋ’ ಹೆಸರಿನ ಪಾಕೀಟು, ಡಬ್ಬಿ, ಬಾಟಲಿಗಳು ಖರ್ಚಾಗುವುದು ಈ ಒಂದು ಸಂಕಟದ ಮೇಲೆಯೇ. ಮೆಥಿಯೋನಿನ್, ಲೈಸಿನ್ ಎರಡೂ ಅಮೈನೋ ಆಮ್ಲಗಳು, ಅಂದರೆ ಹಾಲಿನ ಪ್ರೋಟೀನ್ ಕಟ್ಟುವ ಇಟ್ಟಿಗೆಗಳು; ಆ ಪ್ರೋಟೀನ್ ಏರಿದರೆ ಎಸ್‌ಎನ್‌ಎಫ್ ಏರುತ್ತದೆ. ಅಂಗಡಿಯ ಈ ಮಾಲುಗಳಲ್ಲಿ ಮೂರು ಜಾತಿ: ಲೇಪವೇ ಇಲ್ಲದವು, ಕೊಬ್ಬಿನ ಲೇಪದವು, ಪಾಲಿಮರ್ ಲೇಪದವು. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಲೇಪವಿಲ್ಲದ್ದಕ್ಕೆ ಒಂದು ರೂಪಾಯಿಯೂ ದಂಡ. ದಿನಕ್ಕೆ 15 ಲೀಟರ್‌ಗಿಂತ ಮೇಲೆ ಕರೆಯುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಆಕಳಿಗೆ ಪಾಲಿಮರ್ ಲೇಪದ ಮೆಥಿಯೋನಿನ್ ಕೊಳ್ಳಲು ಅಡ್ಡಿಯಿಲ್ಲ. ಕೊಬ್ಬಿನ ಲೇಪದ ಲೈಸಿನ್ ಒಳ್ಳೆಯ ಸರಕೇ, ಆದರೆ ನಮ್ಮ ಭಾಗದ ಬಿಸಿಲು ಮತ್ತು ಹಿಂಡಿ ನೆನೆಹಾಕುವ ಬಕೆಟ್ ಎರಡೂ ಅದರ ಶತ್ರುಗಳು. ಅದು ಕೆಡುವುದು ಆಕಳ ಹೊಟ್ಟೆಯಲ್ಲಿ ಕಡಿಮೆ, ಹೊಟ್ಟೆಗೆ ಹೋಗುವ ಮೊದಲೇ ಹೆಚ್ಚು.

ಲೇಪ ಯಾಕೆ ಬೇಕು? ಕೋಳಿ ಫಾರ್ಮಿನವರು ಬಳಸುವ ಡಿಎಲ್-ಮೆಥಿಯೋನಿನ್ 99% ಶುದ್ಧವಾದದ್ದು. ಕೋಳಿ ತಿಂದದ್ದು ಹೆಚ್ಚು ಹೊತ್ತು ಎಲ್ಲೂ ನಿಲ್ಲದೆ ಕರುಳಿಗೆ ಇಳಿಯುತ್ತದೆ, ಅಲ್ಲಿ ರಕ್ತಕ್ಕೆ ಸೇರುತ್ತದೆ. ಆಕಳಿಗೂ ಎಮ್ಮೆಗೂ ಹಾಗಲ್ಲ. ಮೊದಲು ಸಿಗುವುದು ರೂಮೆನ್, ಅಂದರೆ ನೂರು ಲೀಟರ್‌ಗೂ ಮಿಕ್ಕಿ ಹಿಡಿಯುವ ಮೆಲುಕಿನ ದೊಡ್ಡ ಹೊಟ್ಟೆ. ಅಲ್ಲಿ 39 ಡಿಗ್ರಿ ಬಿಸಿಯಲ್ಲಿ ಸೂಕ್ಷ್ಮಜೀವಿಗಳು ಹಗಲೂ ರಾತ್ರಿ ಕೆಲಸ ಮಾಡುತ್ತವೆ. ಬಿಡಿ ಮೆಥಿಯೋನಿನ್, ಲೈಸಿನ್ ಸಿಕ್ಕಿದರೆ ಕೆಲವೇ ಗಂಟೆಗಳಲ್ಲಿ ಒಡೆದು ಅಮೋನಿಯಾ ಮಾಡುತ್ತವೆ. ಮಿಕ್ಕಿದ ಅಮೋನಿಯಾ ಯಕೃತ್ತಿಗೆ ಹೋಗಿ ಯೂರಿಯಾ ಆಗಿ ಮೂತ್ರದಲ್ಲಿ ಹೊರಬೀಳುತ್ತದೆ. ಕೋಳಿಯ ಮೆಥಿಯೋನಿನ್ ಅಗ್ಗವೆಂದು ತಂದು ಆಕಳ ಹಿಂಡಿಗೆ ಬೆರೆಸುವವರು ಬಹಳ ತುಟ್ಟಿಯ ಯೂರಿಯಾ ತಿನ್ನಿಸುತ್ತಿದ್ದಾರೆ, ಅಷ್ಟೇ. ‘ಅಮೈನೋ’ ಎಂದು ಬರೆದ ಸಿಹಿ ಟಾನಿಕ್ ಬಾಟಲಿಗಳ ಹಣೆಬರಹವೂ ಇದೇ. ನೀರಿನಲ್ಲಿ ಕರಗಿರುವ ಲೈಸಿನ್ನಿಗೆ ರಕ್ಷಣೆ ಎಂಬುದೇ ಇರುವುದಿಲ್ಲ.

ಈಗ ಪಾಲಿಮರ್ ಲೇಪದವು. ಈ ವರ್ಗದಲ್ಲಿ ಹೆಸರು ಮಾಡಿದ್ದು ಅಡಿಸ್ಸಿಯೋ ಕಂಪನಿಯ ಸ್ಮಾರ್ಟಮೀನ್ ಎಂ. ಇದರಲ್ಲಿ 75% ಡಿಎಲ್-ಮೆಥಿಯೋನಿನ್ ಇದೆ. ಮೇಲಿನ ಪದರ ವಿನೈಲ್‌ಪಿರಿಡಿನ್ ಮತ್ತು ಸ್ಟೈರೀನ್ ಸೇರಿದ ಪಾಲಿಮರ್. ರೂಮೆನ್ನಿನ ಪಿಎಚ್ (ಆಮ್ಲದ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಸಾಮಾನ್ಯವಾಗಿ 5.8ರಿಂದ 6.8ರ ನಡುವೆ ಇರುತ್ತದೆ, ಅಲ್ಲಿ ಈ ಪದರ ಕರಗುವುದಿಲ್ಲ. ನಾಲ್ಕನೇ ಹೊಟ್ಟೆಯಾದ ಅಬೊಮೇಸಮ್‌ನಲ್ಲಿ ಪಿಎಚ್ 2–3ಕ್ಕೆ ಇಳಿಯುತ್ತದೆ, ಅಲ್ಲಿ ಪದರ ಬಿಚ್ಚಿಕೊಂಡು ಒಳಗಿನದನ್ನು ಬಿಡುತ್ತದೆ. ಬೀಗ ಎಲ್ಲಿ ತೆರೆಯಬೇಕೋ ಅಲ್ಲೇ ತೆರೆಯುವ ಈ ಏರ್ಪಾಡು ನಿಜಕ್ಕೂ ಚೆಂದ. ಎವೊನಿಕ್ ಕಂಪನಿಯ ಮೆಪ್ರಾನ್ ಬೇರೆ ದಾರಿಯದು. ಅದರಲ್ಲಿ 85% ಮೆಥಿಯೋನಿನ್ ಇದೆ, ಲೇಪ ಈಥೈಲ್ ಸೆಲ್ಯುಲೋಸ್. ಅದು ಪಿಎಚ್ ನೋಡಿ ತೆರೆಯುವುದಲ್ಲ, ಹೊಟ್ಟೆಯುದ್ದಕ್ಕೂ ನಿಧಾನವಾಗಿ ಬಿಡುತ್ತಾ ಹೋಗುತ್ತದೆ.

ಪಿಎಚ್ ನೋಡಿ ತೆರೆಯುವ ಲೇಪಕ್ಕೆ ನಮ್ಮಲ್ಲಿ ಎರಡು ಅಪಾಯ. ಒಂದು ರಸಮೇವು, ಅಂದರೆ ಸೈಲೇಜ್. ಚೆನ್ನಾಗಿ ಕಳಿತ ಗೋವಿನಜೋಳದ ಸೈಲೇಜಿನ ಪಿಎಚ್ 4ರ ಆಸುಪಾಸು ಇರುತ್ತದೆ. ಬೆಳಿಗ್ಗೆ ಸೈಲೇಜಿನಲ್ಲಿ ಕಲಸಿಟ್ಟು ಸಂಜೆ ಹಾಕಿದರೆ ಪದರ ಗ್ವಾದಲಿಯಲ್ಲೇ ಮೆತ್ತಗಾಗಿರುತ್ತದೆ. ಇನ್ನೊಂದು ಆಮ್ಲ ಏರಿದ ಹೊಟ್ಟೆ. ಕಬ್ಬಿನ ವಾಡಿಯ ಜೊತೆ ಒಂದೇ ಹೊತ್ತಿಗೆ ಮೂರು-ನಾಲ್ಕು ಕಿಲೋ ಗೋವಿನಜೋಳದ ಹಿಟ್ಟು, ಮೇಲೆ ಬೆಲ್ಲ ಅಥವಾ ಕಾಕಂಬಿ ಸುರಿದರೆ ರೂಮೆನ್ ಪಿಎಚ್ 5.5ರ ಕೆಳಗೆ ಜಾರುತ್ತದೆ. ಮೆಲುಕು ಕಡಿಮೆಯಾಗಿ, ಸೆಗಣಿ ತೆಳ್ಳಗೆ ನೊರೆ ನೊರೆಯಾಗಿ ಬೀಳುವ ಆಕಳಿಗೆ ಈ ಲೇಪವೂ ಪೂರ್ತಿ ಕಾವಲು ಕೊಡಲಾರದು. ಮೊದಲು ಹಿಟ್ಟನ್ನು ನುಚ್ಚು ಮಾಡಿಸಿ, ಮೂರು ಹೊತ್ತಿಗೆ ಹಂಚಿ, ಜೋಳದ ಕಣಿಕೆ ಕತ್ತರಿಸಿ ಹಾಕಿ ಹೊಟ್ಟೆ ಸರಿಮಾಡಬೇಕು.

ಕೊಬ್ಬಿನ ಲೇಪದ ಲೈಸಿನ್ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಯಾಕೆಂದರೆ ಮೋಸ ಹೋಗುವುದೂ, ಒಳ್ಳೆಯ ಮಾಲನ್ನು ಕೈಯಾರೆ ಕೆಡಿಸಿಕೊಳ್ಳುವುದೂ ಇಲ್ಲೇ. ಲೈಸಿನ್ ಹೈಡ್ರೋಕ್ಲೋರೈಡ್ ನೀರು ಕಂಡರೆ ಸಕ್ಕರೆಯ ಹಾಗೆ ಕರಗುತ್ತದೆ. ಅದನ್ನು ಗಟ್ಟಿ ಮಾಡಿದ ಸಸ್ಯಕೊಬ್ಬಿನಲ್ಲಿ ಹುದುಗಿಸಿ ಹರಳು ಮಾಡುತ್ತಾರೆ. ಅಜಿನೊಮೊಟೊ ಕಂಪನಿಯ ಅಜಿಪ್ರೊ-ಎಲ್ ಈ ಬಗೆಯದು. ಕೊಬ್ಬು ರೂಮೆನ್ನಿನಲ್ಲಿ ಕರಗಬಾರದು, ಸಣ್ಣ ಕರುಳಿನಲ್ಲಿ ಪಿತ್ತರಸ ಮತ್ತು ಲೈಪೇಸ್ ಕಿಣ್ವ ತಗುಲಿದಾಗ ಒಡೆಯಬೇಕು. ಈ ಎರಡರ ನಡುವಿನ ಹದ ಬಹಳ ಕಿರಿದು. ಲೇಪ ತೆಳುವಾದರೆ ರೂಮೆನ್ನಿನಲ್ಲೇ ಸೋರುತ್ತದೆ. ದಪ್ಪವಾದರೆ ಕರುಳಿನಲ್ಲೂ ಬಿಚ್ಚದೆ ಸೆಗಣಿಯಲ್ಲಿ ಹೊರಟುಹೋಗುತ್ತದೆ. ‘100% ಬೈಪಾಸ್’ ಎಂದು ಬರೆದುಕೊಂಡ ಚೀಲ ಕಂಡರೆ ನಾವು ಹಿಂಜರಿಯುವುದು ಇದಕ್ಕೇ. ರೂಮೆನ್ ದಾಟಿದ್ದೆಷ್ಟು ಎಂಬುದು ಅರ್ಧ ಲೆಕ್ಕ, ಕರುಳು ಹೀರಿದ್ದೆಷ್ಟು ಎಂಬುದು ಉಳಿದರ್ಧ.

ಹರಳಿನ ಗಾತ್ರ, ತೂಕವೂ ಮುಖ್ಯ. ಒಂದರಿಂದ ಮೂರು ಮಿಲಿಮೀಟರ್ ಗಾತ್ರ, ನೀರಿಗಿಂತ ಸ್ವಲ್ಪ ಭಾರ (ಸಾಂದ್ರತೆ 1.1ರಿಂದ 1.3) ಇದ್ದರೆ ಹರಳು ಬೇಗ ಕೆಳಗಿಳಿದು ಮುಂದಿನ ಹೊಟ್ಟೆಗೆ ಸಾಗುತ್ತದೆ. ಕೊಬ್ಬು ಹೆಚ್ಚಾಗಿ ಹಗುರವಾದರೆ ರೂಮೆನ್ನಿನಲ್ಲಿ ತೇಲುವ ಮೇವಿನ ಹಾಸಿಗೆಗೆ ಸಿಕ್ಕಿಕೊಂಡು, ಮೆಲುಕಿನ ಜೊತೆ ಬಾಯಿಗೆ ವಾಪಸ್ ಬಂದು, ದವಡೆಯಲ್ಲಿ ನುರಿದು ಹೋಗುತ್ತದೆ. ದಿನಕ್ಕೆ ಏಳೆಂಟು ಗಂಟೆ ಮೆಲುಕಾಡುವ ಪ್ರಾಣಿಯ ಬಾಯಿಂದ ತಪ್ಪಿಸಿಕೊಳ್ಳುವುದು ಸಣ್ಣ ಮಾತಲ್ಲ.

ಇನ್ನು ಬಿಸಿಲು. ವಿಜಯಪುರದಲ್ಲಿ ಏಪ್ರಿಲ್-ಮೇ ಹೊತ್ತಿಗೆ ನೆರಳಲ್ಲೇ 40 ಡಿಗ್ರಿ ದಾಟುತ್ತದೆ, ಪತ್ರಾಸ್ ಶೆಡ್ಡಿನ ಒಳಗೆ ಇನ್ನೂ ಹೆಚ್ಚು. ಕಡಿಮೆ ಬಿಸಿಗೇ ಮೆತ್ತಗಾಗುವ ಕೊಬ್ಬಿನಿಂದ ಮಾಡಿದ ಹರಳುಗಳು ಅಲ್ಲಿ ಒಂದಕ್ಕೊಂದು ಅಂಟಿ ಗಡ್ಡೆಯಾಗುತ್ತವೆ. ಆ ಗಡ್ಡೆಯನ್ನು ಕಲ್ಲಿನಿಂದ ಕುಟ್ಟಿ ಪುಡಿ ಮಾಡಿ ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು, ಕುಟ್ಟಿದರೆ ಒಡೆಯುವುದು ಲೇಪವೇ. ಕೊಳ್ಳುವಾಗಲೇ ಚೀಲವನ್ನು ಅಂಗೈಯಿಂದ ಒತ್ತಿ ನೋಡಿ. ಒಳಗೆ ಸಜ್ಜೆಕಾಳಿನ ಹಾಗೆ ಜಾರಬೇಕು, ಬೆಲ್ಲದ ಹೆಂಟೆಯ ಹಾಗೆ ಕೈಗೆ ತಗುಲಬಾರದು. ಮನೆಗೆ ತಂದ ಮೇಲೆ ಮಣ್ಣಿನ ಮಾಳಿಗೆಯ ಕೋಣೆ ಇದ್ದರೆ ಅದೇ ಸರಿಯಾದ ಜಾಗ. ನೆಲದ ಮೇಲೆ ಬೇಡ, ಹಲಗೆಯ ಮೇಲೆ ಇಡಿ. ಮೇಲೆ ಹಿಂಡಿ ಚೀಲಗಳನ್ನು ಒಟ್ಟಬೇಡಿ, ಭಾರಕ್ಕೂ ಲೇಪ ಬಿರಿಯುತ್ತದೆ.

ಬಕೆಟ್ಟಿನ ವಿಷಯ. ನಮ್ಮಲ್ಲಿ ಹತ್ತಿಕಾಳು ಹಿಂಡಿ, ಶೇಂಗಾ ಹಿಂಡಿಯನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಕೊಡುವ ರೂಢಿ. ಕೆಲವರು ನುಚ್ಚಿನ ಜೊತೆ ಕುದಿಸಿಯೂ ಕೊಡುತ್ತಾರೆ. ಲೇಪದ ಹರಳನ್ನು ರಾತ್ರಿಯೇ ಆ ಬಕೆಟ್ಟಿಗೆ ಹಾಕಿದರೆ ಹತ್ತು ಗಂಟೆ ನೀರಿನಲ್ಲಿ ಕುಳಿತು, ಸೋರಬಹುದಾದದ್ದೆಲ್ಲ ಸೋರಿರುತ್ತದೆ. ಆಕಳು ಆ ನೀರನ್ನು ಪೂರ್ತಿ ಕುಡಿದರೂ ಪ್ರಯೋಜನವಿಲ್ಲ, ಅದು ಲೇಪವಿಲ್ಲದ ಲೈಸಿನ್ ಆಗಿ ಹೊಟ್ಟೆಗೆ ಹೋಗುತ್ತದೆ. ಬಿಸಿ ಹಿಂಡಿಗೆ ಹಾಕಿದರಂತೂ ಕೊಬ್ಬೇ ಕರಗುತ್ತದೆ. ನೆನೆದ ಹಿಂಡಿ ಗ್ವಾದಲಿಗೆ ಬಿದ್ದ ಮೇಲೆ, ಅದು ತಣ್ಣಗಿದೆ ಎಂದು ಖಾತ್ರಿಯಾದ ಮೇಲೆ, ಹರಳನ್ನು ಮೇಲೆ ಉದುರಿಸಿ ಕೈಯಿಂದ ಒಮ್ಮೆ ಕಲಸಿ. ಅಷ್ಟು ಸಾಕು.

ಮಾಲು ಒಳ್ಳೆಯದೋ ಅಲ್ಲವೋ ತಿಳಿಯಲು ಲ್ಯಾಬಿನಲ್ಲಿ ಮಾಡುವ ಪರೀಕ್ಷೆ ಬೇರೆ. ರೂಮೆನ್ನಿಗೆ ಕಿಟಕಿ ಕೂಡಿಸಿದ ಆಕಳ ಹೊಟ್ಟೆಯಲ್ಲಿ ನೈಲಾನ್ ಚೀಲ ಇಳಿಬಿಟ್ಟು, ಗಂಟೆಗಳ ಲೆಕ್ಕದಲ್ಲಿ ಎಷ್ಟು ಉಳಿಯಿತೆಂದು ತೂಗುತ್ತಾರೆ. ಮನೆಯಲ್ಲಿ ಅದು ಆಗದು. ಆದರೆ ಕೆಟ್ಟ ಮಾಲನ್ನು ಗುರುತಿಸಲು ಮನೆಯ ಸಾಮಾನೇ ಸಾಕು. ಒಂದು ಲೀಟರ್ ಉಗುರು ಬೆಚ್ಚಗಿನ ನೀರನ್ನು (39–40 ಡಿಗ್ರಿ) ಥರ್ಮಾಸಿಗೆ ಹಾಕಿ, 20 ಗ್ರಾಂ ಹರಳು ಬಿಟ್ಟು, ಆರು ಗಂಟೆ ಬಿಡಿ. ಗಂಟೆಗೊಮ್ಮೆ ಮೆಲ್ಲಗೆ ಅಲುಗಿಸಿ. ಆಮೇಲೆ ಬಟ್ಟೆಯಲ್ಲಿ ಸೋಸಿ, ನೆರಳಲ್ಲಿ ಪೂರ್ತಿ ಒಣಗಿಸಿ, ಒಂದೊಂದು ಗ್ರಾಂ ಸರಿಯಾಗಿ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. 20 ಗ್ರಾಂ ಹರಳಿನಲ್ಲಿ ಅರ್ಧ, ಅಂದರೆ 10 ಗ್ರಾಂ ಲೈಸಿನ್ ಹೈಡ್ರೋಕ್ಲೋರೈಡ್ ಇದ್ದು, ಒಣಗಿದ ಮೇಲೆ 17 ಗ್ರಾಂ ಉಳಿದರೆ 3 ಗ್ರಾಂ ಸೋರಿದೆ, ಅಂದರೆ ಹತ್ತಕ್ಕೆ ಮೂರು ಭಾಗ. ಬರೀ ನೀರಿನಲ್ಲೇ ಇಷ್ಟು ಹೋದರೆ ಮೆಲುಕು, ಸೂಕ್ಷ್ಮಜೀವಿ ಎರಡೂ ಸೇರಿದಲ್ಲಿ ಇನ್ನೂ ಹೆಚ್ಚು ಹೋಗುತ್ತದೆ. ಮೆಥಿಯೋನಿನ್ನಿಗೆ ಈ ಪರೀಕ್ಷೆ ಮಾಡುವಾಗ ನೀರು ಕಡಿಮೆ ಮಾಡಬೇಡಿ. ಅದು ಲೀಟರಿಗೆ ಮೂವತ್ತು-ನಲವತ್ತು ಗ್ರಾಂ ಮಾತ್ರ ಕರಗುವ ವಸ್ತು, ಒಂದು ಲೋಟ ನೀರಿನಲ್ಲಿ ಲೇಪವಿಲ್ಲದ್ದೂ ತಳದಲ್ಲಿ ಕುಳಿತು ಲೇಪವಿದ್ದ ಹಾಗೆ ಕಾಣಿಸಿ ಮೋಸ ಮಾಡುತ್ತದೆ.

ಪಿಎಚ್‌ಗೆ ತೆರೆಯುವ ಪಾಲಿಮರ್ ಹರಳಾದರೆ ಎರಡು ಲೋಟ ಇಡಿ: ಒಂದರಲ್ಲಿ ಬೆಚ್ಚಗಿನ ನೀರು, ಇನ್ನೊಂದರಲ್ಲಿ ಬೆಚ್ಚಗಿನ ಅಡುಗೆ ವಿನೆಗರ್. ನೀರಿನಲ್ಲಿ ಹರಳು ಹಾಗೇ ಇದ್ದು, ವಿನೆಗರಿನಲ್ಲಿ ಪದರ ಮೆತ್ತಗಾಗಿ ಬಿಚ್ಚಿಕೊಳ್ಳಬೇಕು. ಕೊಬ್ಬಿನ ಹರಳು ವಿನೆಗರಿನಲ್ಲಿ ಏನೂ ಆಗದೆ ಕುಳಿತರೆ ಅದು ದೋಷವಲ್ಲ, ಅದು ಬಿಚ್ಚುವುದು ಕರುಳಿನ ಕಿಣ್ವಕ್ಕೆ.

ಅತಿ ಗಟ್ಟಿ ಲೇಪವನ್ನು ಹಿಡಿಯುವ ಪರೀಕ್ಷೆ ಸೆಗಣಿಯಲ್ಲಿದೆ. ಮೂರು ದಿನ ತಿನ್ನಿಸಿದ ಮೇಲೆ ಎರಡು ಕಿಲೋ ಹಸಿ ಸೆಗಣಿಯನ್ನು ರವೆ ಸೋಸುವ ಜರಡಿಗೆ ಹಾಕಿ, ನಳದ ನೀರು ಬಿಟ್ಟು ತೊಳೆಯಿರಿ. ನಾರು, ಹೊಟ್ಟು, ಅರೆಬರೆ ಗೋವಿನಜೋಳದ ಚೂರುಗಳ ನಡುವೆ ದುಂಡನೆಯ ಬಿಳಿ ಅಥವಾ ಕೆನೆ ಬಣ್ಣದ ಹರಳು ಕಂಡರೆ ಒಂದೊಂದನ್ನೇ ಹೆಬ್ಬೆರಳ ಉಗುರಿನಿಂದ ಒತ್ತಿ. ಪಿಚಕ್ಕನೆ ಚಪ್ಪಟೆಯಾಗಿ ಒಳಗೇನೂ ಇಲ್ಲದಿದ್ದರೆ ಅದು ಖಾಲಿ ಸಿಪ್ಪೆ, ಮಾಲು ತನ್ನ ಕೆಲಸ ಮಾಡಿದೆ. ಟಕ್ಕೆಂದು ಒಡೆದು ಒಳಗಿಂದ ಬಿಳಿ ಪುಡಿ ಬಂದರೆ, ಅದರಲ್ಲೂ ಮೆಥಿಯೋನಿನ್ನಿನ ಕೊಳೆತ ಕೋಸಿನಂಥ ಗಂಧಕದ ವಾಸನೆ ಹೊಡೆದರೆ, ನೀವು ಕೊಟ್ಟ ದುಡ್ಡು ತಿಪ್ಪೆಗೆ ಗೊಬ್ಬರವಾಗಿದೆ.

ದರದ ಲೆಕ್ಕ ಹೀಗೆ ಮಾಡಿ. ಚೀಲದ ಮೇಲಿನ ಪ್ರಮಾಣವನ್ನು ರೂಮೆನ್ ದಾಟುವ ಪಾಲಿನಿಂದ ಗುಣಿಸಿ, ಬಂದದ್ದನ್ನು ಕರುಳು ಹೀರುವ ಪಾಲಿನಿಂದ ಗುಣಿಸಿ. ಉದಾಹರಣೆಗೆ ಚೀಲದಲ್ಲಿ ‘ಲೈಸಿನ್ ಹೈಡ್ರೋಕ್ಲೋರೈಡ್ 50%’ ಎಂದಿದೆ ಎನ್ನಿ. ಹೈಡ್ರೋಕ್ಲೋರೈಡಿನಲ್ಲಿ ಲೈಸಿನ್ 78.8% ಮಾತ್ರ, ಹಾಗಾಗಿ ನಿಜವಾದ ಲೈಸಿನ್ 39.4%. ಅದರಲ್ಲಿ 60% ರೂಮೆನ್ ದಾಟಿದರೆ 23.6. ಅದರಲ್ಲಿ 80% ಕರುಳು ಹೀರಿದರೆ ಹತ್ತಿರ ಹತ್ತಿರ 19. ನೂರು ಗ್ರಾಂ ಸುರಿದರೆ ಆಕಳಿಗೆ ದಕ್ಕಿದ್ದು 19 ಗ್ರಾಂ. ಮೆಥಿಯೋನಿನ್ನಿಗೂ ಹಾಗೆಯೇ: 75% ಇದ್ದು ಒಟ್ಟಾರೆ 80% ದಕ್ಕುವ ಮಾಲಿನಲ್ಲಿ ನೂರಕ್ಕೆ 60 ಗ್ರಾಂ ಸಿಗುತ್ತದೆ. 55% ಇದ್ದು 60% ದಾಟಿ 80% ಹೀರಿದರೆ 26 ಗ್ರಾಂ. ಅಂದರೆ ಮೊದಲನೆಯದರ ಕಿಲೋ ದರ ಎರಡನೆಯದರ ಎರಡು ಪಟ್ಟಿದ್ದರೂ ಅದೇ ಅಗ್ಗ. ಅಂಗಡಿಯವರನ್ನು ಕೇಳಬೇಕಾದದ್ದು ಈ ಮೂರು ಅಂಕಿಗಳನ್ನೇ. ಮೊದಲನೆಯದು ಮಾತ್ರ ಹೇಳಿ ಉಳಿದೆರಡಕ್ಕೆ ಮಾತು ತೇಲಿಸಿದರೆ ಚೀಲ ಕೆಳಗಿಡಿ.

ಎಷ್ಟು ಬೇಕು? ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ (ಎನ್‌ಆರ್‌ಸಿ) 2001ರಲ್ಲಿ ಕೊಟ್ಟ ಮಾಪನದ ಪ್ರಕಾರ ಕರುಳಿಗೆ ದಕ್ಕುವ ಪ್ರೋಟೀನಿನಲ್ಲಿ ಲೈಸಿನ್ 7.2%, ಮೆಥಿಯೋನಿನ್ 2.4% ಇರಬೇಕು, ಅಂದರೆ ಮೂರಕ್ಕೆ ಒಂದು. 20 ಲೀಟರ್ ಕರೆಯುವ ಆಕಳಿಗೆ ಕರುಳಿನಲ್ಲಿ ದಿನಕ್ಕೆ ಸುಮಾರು 1,500 ಗ್ರಾಂ ಪ್ರೋಟೀನ್ ಬೇಕೆಂದಿಟ್ಟುಕೊಂಡರೆ ಲೈಸಿನ್ 108 ಗ್ರಾಂ, ಮೆಥಿಯೋನಿನ್ 36 ಗ್ರಾಂ. ನಿಮ್ಮ ಮೇವು-ಹಿಂಡಿಯಿಂದ ಲೈಸಿನ್ 6.4% ಮಾತ್ರ ಸಿಗುತ್ತಿದ್ದರೆ 12 ಗ್ರಾಂ ಕೊರತೆ. ಮೇಲಿನ ಮಾಲಿನಲ್ಲಿ ಅದನ್ನು ತುಂಬಲು 60 ಗ್ರಾಂಗೂ ಹೆಚ್ಚು ಹಾಕಬೇಕು. ‘ದಿನಕ್ಕೆ 20 ಗ್ರಾಂ’ ಎಂದು ಬರೆದ ಪಾಕೀಟು ಆ ಕೊರತೆಯ ಮೂರನೇ ಒಂದು ಪಾಲನ್ನೂ ತುಂಬದು.

ಯಾವುದನ್ನು ಕೊಳ್ಳಬೇಕು ಎಂಬುದಕ್ಕೆ ನಿಮ್ಮ ಹಿಂಡಿಯೇ ಉತ್ತರ. ನೂರು ಗ್ರಾಂ ಪ್ರೋಟೀನಿನಲ್ಲಿ ಗೋವಿನಜೋಳಕ್ಕೆ ಲೈಸಿನ್ ಸುಮಾರು 3 ಗ್ರಾಂ, ಹತ್ತಿಕಾಳು ಹಿಂಡಿಗೆ 4, ಶೇಂಗಾ ಹಿಂಡಿಗೆ ಮೂರೂವರೆ, ಸೋಯಾಕ್ಕೆ 6ಕ್ಕೂ ಹೆಚ್ಚು. ಮೆಥಿಯೋನಿನ್ ನೋಡಿದರೆ ಶೇಂಗಾದಲ್ಲಿ ಒಂದು ಗ್ರಾಂ ಚಿಲ್ಲರೆ, ಸೋಯಾದಲ್ಲಿ ಒಂದೂವರೆಗೂ ಕಡಿಮೆ, ಸೂರ್ಯಕಾಂತಿಯಲ್ಲಿ ಎರಡರ ಮೇಲೆ. ಹಾಗಾಗಿ ಬೈಲಹೊಂಗಲ ಕಡೆ ಸೋಯಾ ಹಿಂಡಿ ಹೆಚ್ಚು ಹಾಕುವವರಿಗೆ ಮೊದಲು ತಗ್ಗುವುದು ಮೆಥಿಯೋನಿನ್. ಗೋವಿನಜೋಳ, ಹತ್ತಿಕಾಳು ಹಿಂಡಿ, ಡಿಸ್ಟಿಲರಿಯಿಂದ ಬರುವ ಡಿಡಿಜಿಎಸ್ (ಮದ್ಯಸಾರ ತೆಗೆದ ಮೇಲೆ ಉಳಿದ ಧಾನ್ಯದ ಒಣ ಚರಟ) ಮೇಲೆ ನಡೆಯುವ ದನದ ಮನೆಯಲ್ಲಿ ಮೊದಲು ತಗ್ಗುವುದು ಲೈಸಿನ್. ಡಿಡಿಜಿಎಸ್ ಕಂದು ತಿರುಗಿ ಸುಟ್ಟ ವಾಸನೆ ಬರುತ್ತಿದ್ದರೆ ಅದರಲ್ಲಿದ್ದ ಲೈಸಿನ್ನೂ ಸಕ್ಕರೆಯ ಜೊತೆ ಕಟ್ಟಿಕೊಂಡು ಹಾಳಾಗಿದೆ ಎಂದೇ ತಿಳಿಯಿರಿ. ಲೈಸಿನ್ ತಗ್ಗಿರುವಲ್ಲಿ ಮೆಥಿಯೋನಿನ್ ಎಷ್ಟು ಸುರಿದರೂ ಹಾಲು ಕದಲುವುದಿಲ್ಲ.

ಇದಕ್ಕಿಂತ ಅಗ್ಗದ ದಾರಿಯೂ ಇದೆ, ಬೈಪಾಸ್ ಹಿಂಡಿ. ಗುಜರಾತಿನ ಆನಂದ್ ಊರಿನ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ (ಎನ್‌ಡಿಡಿಬಿ) ಇದನ್ನು ನಮ್ಮ ದೇಶದಲ್ಲಿ ಬಳಕೆಗೆ ತಂದಿತು. ಹಿಂಡಿಗೆ ಅಳತೆಯ ಫಾರ್ಮಾಲ್ಡಿಹೈಡ್ ಸಿಂಪಡಿಸಿ, ಗಾಳಿಯಾಡದಂತೆ ಮುಚ್ಚಿ ಕೆಲವು ದಿನ ಇಡುತ್ತಾರೆ. ಅದು ಪ್ರೋಟೀನಿನ ಎಳೆಗಳ ನಡುವೆ ಸೇತುವೆ ಕಟ್ಟುತ್ತದೆ. ರೂಮೆನ್ನಿನಲ್ಲಿ ಆ ಸೇತುವೆ ನಿಲ್ಲುತ್ತದೆ, ಅಬೊಮೇಸಮ್‌ನ ಆಮ್ಲಕ್ಕೆ ಕಳಚುತ್ತದೆ. ನೂರು ಗ್ರಾಂ ಪ್ರೋಟೀನಿಗೆ ಒಂದು ಗ್ರಾಂ ಆಸುಪಾಸಿನ ಲೆಕ್ಕ. 45% ಪ್ರೋಟೀನಿನ ನೂರು ಕಿಲೋ ಸೋಯಾ ಹಿಂಡಿಗೆ ಸುಮಾರು 450 ಗ್ರಾಂ ಫಾರ್ಮಾಲ್ಡಿಹೈಡ್, ಅಂದರೆ ಅಂಗಡಿಯ ಫಾರ್ಮಲಿನ್ 1.1–1.2 ಲೀಟರ್. ಇದನ್ನು ಹಿತ್ತಿಲಲ್ಲಿ ಮಾಡಬೇಡಿ. ಹೊಗೆ ಕಣ್ಣು, ಗಂಟಲು, ಶ್ವಾಸಕ್ಕೆ ಅಪಾಯ. ಜೊತೆಗೆ ಪ್ರಮಾಣ ಸ್ವಲ್ಪ ಹೆಚ್ಚಾದರೂ ಮೊದಲು ಬೀಗ ಬೀಳುವುದು ಲೈಸಿನ್ನಿಗೇ, ಅದು ಮತ್ತೆ ತೆರೆಯುವುದೂ ಇಲ್ಲ. ಫ್ಯಾಕ್ಟರಿಯಲ್ಲಿ ತಯಾರಾದ ಬೈಪಾಸ್ ಹಿಂಡಿ ದಿನಕ್ಕೆ ಒಂದು ಕಿಲೋ ಹಾಕಿದರೆ 10–15 ಲೀಟರಿನ ಆಕಳಿಗೆ ಬೇಕಾದಷ್ಟಾಯಿತು, ಪ್ರತ್ಯೇಕ ಅಮೈನೋ ಆಮ್ಲ ಬೇಡ.

ಎಂಟು-ಹತ್ತು ಲೀಟರ್ ಕೊಡುವ ಎಮ್ಮೆಗೂ ನಾವು ಲೇಪದ ಅಮೈನೋ ಆಮ್ಲವನ್ನು ಹೇಳುವುದಿಲ್ಲ. ಅದರ ಹಾಲಿಗೆ ದರ ಬರುವುದು ಮುಖ್ಯವಾಗಿ ಫ್ಯಾಟ್ ಮೇಲೆ. ಕಣಿಕೆ, ಕಬ್ಬಿನ ವಾಡಿಯಲ್ಲೇ ಹೊಟ್ಟೆ ತುಂಬುವ ಯಾವ ದನಕ್ಕೂ ಇದು ಮೊದಲ ಔಷಧಿಯಲ್ಲ. ಕರುಳಿಗೆ ಮುಟ್ಟುವ ಪ್ರೋಟೀನಿನಲ್ಲಿ ಅರ್ಧಕ್ಕೂ ಹೆಚ್ಚು ರೂಮೆನ್ನಿನ ಸೂಕ್ಷ್ಮಜೀವಿಗಳದ್ದೇ ದೇಹ, ಅದರಲ್ಲಿ ಲೈಸಿನ್ ಸುಮಾರು 8%, ಮೆಥಿಯೋನಿನ್ 2.6%. ಅದಕ್ಕಿಂತ ಒಳ್ಳೆಯ ಪ್ರೋಟೀನ್ ಯಾವ ಚೀಲದಲ್ಲೂ ಬರುವುದಿಲ್ಲ. ಆ ಜೀವಿಗಳಿಗೆ ನುಚ್ಚು, ಹಸಿಮೇವು, ಖನಿಜ ಮಿಶ್ರಣ ಸಾಲದೇ ಇರುವಾಗ ಮೇಲಿಂದ ಹರಳು ಉದುರಿಸಿದರೆ ಎಸ್‌ಎನ್‌ಎಫ್ ಏರದು.

ಕೊಡುವ ಸಮಯ ಹೇಳುವುದಾದರೆ, ಕರು ಹಾಕುವ ಮೂರು ವಾರ ಮೊದಲಿನಿಂದ ಕರು ಹಾಕಿ ಮೂರು ತಿಂಗಳವರೆಗೆ. ಆಮೇಲೆ ಹಾಲು ಇಳಿಯುತ್ತಾ ಹೋದಂತೆ ಲಾಭವೂ ಇಳಿಯುತ್ತದೆ. ಹತ್ತು ಆಕಳಿದ್ದರೆ 600 ಗ್ರಾಂ ಹರಳನ್ನು ಅಗಲ ಪರಾತದಲ್ಲಿ ಎರಡು ಕಿಲೋ ಗೋಧಿ ಬೂಸಾಕ್ಕೆ ಕೈಯಿಂದ ಕಲಸಿ, ಒಂದೊಂದಕ್ಕೆ ಬೆಳಿಗ್ಗೆ 130, ಸಂಜೆ 130 ಗ್ರಾಂ ಹಾಕಿ. ಚಮಚದ ಅಳತೆ ನಂಬಬೇಡಿ, ಒಂದೊಂದು ಮಾಲಿನ ತೂಕ ಒಂದೊಂದು. ಗಿರಣಿಗೆ ಹಾಕಬೇಡಿ, ಪೆಲೆಟ್ ಮಾಡಿಸಬೇಡಿ. ಬ್ಲೇಡಿನ ಮಿಕ್ಸರ್ ಇದ್ದರೆ ಎಲ್ಲ ಕಲಸಿದ ಮೇಲೆ ಕೊನೆಯ ಎರಡು-ಮೂರು ನಿಮಿಷಕ್ಕೆ ಹಾಕಿ.

ಕೆಲಸ ಮಾಡಿತೋ ಇಲ್ಲವೋ ಸೊಸೈಟಿಯ ಚೀಟಿಯೇ ಹೇಳುತ್ತದೆ. ಶುರು ಮಾಡುವ ಮುನ್ನ ಏಳು ದಿನದ ಎಸ್‌ಎನ್‌ಎಫ್ ಬರೆದಿಡಿ. 21 ದಿನ ಹಾಕಿ, ಆ ಅವಧಿಯಲ್ಲಿ ಬೇರೆ ಏನನ್ನೂ ಬದಲಿಸಬೇಡಿ. ಹಾಲಿನ ಪ್ರೋಟೀನ್ ಏರುವುದಿದ್ದರೆ ಒಂದೆರಡು ವಾರದಲ್ಲೇ ಏರುತ್ತದೆ. ಆಮೇಲೆ ಹತ್ತು ದಿನ ನಿಲ್ಲಿಸಿ ನೋಡಿ. ನಿಲ್ಲಿಸಿದ ಮೇಲೆ ಎಸ್‌ಎನ್‌ಎಫ್ ಇಳಿದರೆ ಮುಂದಿನ ಚೀಲ ತನ್ನಿ. ಏರಿದ್ದು ಹಾಗೇ ನಿಂತಿದ್ದರೆ, ಅಥವಾ ಮೊದಲಿಂದಲೂ ಏರದೇ ಇದ್ದರೆ, ಆ ಹಣಕ್ಕೆ ಗೋವಿನಜೋಳದ ನುಚ್ಚು ಮತ್ತು ಖನಿಜ ಮಿಶ್ರಣ ತನ್ನಿ.